ಮೊಳೆಗೆ ತೂಗುಬಿದ್ದ ಹುಲುಗಣ್ಣ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಯಾವುದಾದರೂ ಕಲ್ಯಾಣ ಮಂಟಪದಲ್ಲಿ ಇತ್ತೀಚೆಗೆ ನಿಮ್ಮ ಮದುವೆಯಾಗಿದ್ದರೆ ಆ ಮದುವೆಗೆ ಹುಲುಗಣ್ಣ ಬಂದಿದ್ದ. ನಾವು ಕರೆದೇ ಇರಲಿಲ್ಲವಲ್ಲ ಎನ್ನಬೇಡಿ. ನೀವು ಕಾರು ಕಳಿಸಿ ಕರೆದ ಗಣ್ಯರು ಬರಲಿಲ್ಲ, ಬಂದವರು ಉಂಡ ಕೈ ಒರೆಸುತ್ತಲೇ ಹೊರಟರು. ಹುಲುಗಣ್ಣ ಮಾತ್ರ ಕೊನೆಯ ಎಲೆ ಏಳುವವರೆಗೂ ಇದ್ದ. ನಂಬಿಕೆ ಇಲ್ಲದಿದ್ದರೆ ಮದುವೆಯ ವಿಡಿಯೊ ಹಾಕಿ ನೋಡಿ. ಊಟದ ಹಾಲ್ ತೋರಿಸುವಾಗ ಹಿಂಬಾಗಿಲಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ಅವನದು. ವಿಡಿಯೊದವನು ಜಾಣ, ಉಳಿದದ್ದನ್ನು ಕತ್ತರಿಸಿದ್ದಾನೆ.

ಈ ವೀರನ ವೇಷಭೂಷಣವನ್ನು ಸ್ವಲ್ಪ ವರ್ಣಿಸಬೇಕು. ತಲೆಗೆ ಕಿರೀಟದಂತೆ ಸುತ್ತಿದ ಟವೆಲ್. ಎದೆಗೆ ಕವಚದಂತೆ ಯೂರಿಯಾ ಗೊಬ್ಬರದ ಚೀಲ, ಕೈ ಮತ್ತು ಕತ್ತು ತೂರಿಸಲು ಅದಕ್ಕೆ ತೂತು. ಬಲಗೈಯಲ್ಲಿ ಸಲಿಕೆ, ಎಡಗೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. ಏರಲು ಒಂದು ಬಾಗಿಲು ಕಳೆದುಕೊಂಡ ಟಾಟಾ ಏಸ್ ಎಂಬ ರಥ. ಸಾರಥಿ ಆಂಜಿನೇಯಲು, ಬಾಯಿಗೆ ಬೀಗವಿಲ್ಲದ ಮನುಷ್ಯ. ಈ ಇಬ್ಬರ ಹಿಂದೆ ಇನ್ನಷ್ಟು ಕಾಲಾಳುಗಳು. ಇವರೆಲ್ಲ ಸೇರಿ ಊಟದ ಹಾಲಿಗೆ ನುಗ್ಗಿದರೆಂದರೆ ಎಲೆ, ಲೋಟ, ನೀರಿನ ಬಾಟಲಿ, ಹರಿದ ಹಾರ, ಥರ್ಮಾಕೋಲಿನ ವಧೂವರರ ಹೆಸರು ಎಲ್ಲವೂ ಕ್ಷಣದಲ್ಲಿ ನಿರ್ನಾಮ. ಹಡಗಲಿಯ ಮದುವೆಯ ಕಸಕ್ಕೆ ಮಲ್ಲಿಗೆಯ ವಾಸನೆ ಇರುತ್ತದೆಂದು ಅಲ್ಲಿಗೆ ಹೋಗಲು ಎಲ್ಲರೂ ಜಗಳವಾಡುತ್ತಿದ್ದರು. ಮನುಷ್ಯನಿಗೆ ಯಾವುದರಲ್ಲಾದರೂ ಒಂದು ಆಯ್ಕೆ ಬೇಕಲ್ಲ.

ಅಕ್ಕಿಕಾಳು ಗುಡಿಸುವಾಗ ಮಾತ್ರ ಹುಲುಗಣ್ಣ ಸಲಿಕೆ ಬಿಟ್ಟು ಪೊರಕೆ ಹಿಡಿಯುತ್ತಿದ್ದ. ಮುಹೂರ್ತದಲ್ಲಿ ಜನ ಎರಚಿದ ಅರಿಶಿನದ ಅಕ್ಕಿಯನ್ನು ಬೇರೆಯಾಗಿ ಗುಡಿಸಿ, ಕಾಲಿಗೆ ಸಿಗದ ಹಾಗೆ ಗಿಡದ ಬುಡಕ್ಕೆ ಹಾಕುವನು. ಆಂಜಿನೇಯಲು ನಗುತ್ತಿದ್ದ.

"ಮಂದಿ ಮಕ್ಕಳ ಮ್ಯಾಲೆ ಬಿದ್ದ ಅಕ್ಕಿಗೆ ಇಷ್ಟು ಭಕ್ತಿ ಮಾಡ್ತಿ, ನಿನ್ನ ಮಗಳಿಗೆ ಬಂಗಾರದ ಅಕ್ಕಿ ಹಾಕ್ತಿಯೇನಲೇ?"

"ಒಂದು ಹಿಡಿ ಹಾಕಿದ್ರ ಸಾಕಲೇ. ನಾ ನಿಂತು ಹಾಕಬೇಕು, ಅಷ್ಟ."

ಇಷ್ಟೇ ಅವನ ಮಹತ್ವಾಕಾಂಕ್ಷೆ.

ಈ ಸೇನೆಯ ಒಡೆಯ ಸೋಮಶೇಖರ್. ಕೊಟ್ಟೂರಿನವನು, ಸಭ್ಯ, ಹಣೆಯ ತುಂಬ ವಿಭೂತಿ. ಮೊದಲು ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದವನು ಮದುವೆಗಳು ಮುಗಿದ ಮೇಲೆ ಉಳಿಯುವ ಕಸದ ಗುಡ್ಡದಲ್ಲೇ ಲಾಭವಿದೆ ಎಂದು ಕಂಡುಹಿಡಿದ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಒಂದು ಬಯಲು ಹಿಡಿದ. ಅಲ್ಲೇ ಕಸದ ರಾಶಿ, ಅಲ್ಲೇ ಆಳುಗಳ ತಗಡಿನ ಶೆಡ್ಡು, ಅಲ್ಲೇ ಒಂದು ಕೋಣೆಯ ಆಫೀಸು. ಬಯಲಿಗೆ ಬೇಲಿ ಇರಲಿಲ್ಲ. ಗೇಟೂ ಇರಲಿಲ್ಲ. ಆಳುಗಳನ್ನು ಬೈಯುವ ಮೇಸ್ತ್ರಿಯೂ ಇರಲಿಲ್ಲ. ನಾಯಿ ಇತ್ತು, ಅದೂ ಆಳುಗಳದ್ದೇ. ಆದರೂ ಅಲ್ಲಿಂದ ಯಾರೂ ಓಡಿಹೋಗುತ್ತಿರಲಿಲ್ಲ.

ಏಕೆಂದರೆ ಆಫೀಸಿನಲ್ಲಿ ಸೋಮಶೇಖರನ ಕುರ್ಚಿಯ ಹಿಂದೆ, ದೇವರ ಫೋಟೊಗಳ ಕೆಳಗೆ, ಸಾಲಾಗಿ ಮೊಳೆಗಳಿದ್ದವು. ಒಂದೊಂದು ಮೊಳೆಗೆ ಒಂದೊಂದು ಹಳದಿ ಬಟ್ಟೆಯ ಗಂಟು. ಒಂದೊಂದು ಗಂಟಿನಲ್ಲಿ ಒಬ್ಬೊಬ್ಬ ಮನುಷ್ಯ.

ಹುಲುಗಣ್ಣ ಅಲ್ಲಿ ತೂಗುಬಿದ್ದ ಕಥೆ ಹೀಗೆ. ಅವನ ಹೆಂಡತಿ ಜಂಬಕ್ಕನ ಹೊಟ್ಟೆಗೆ ಏನೋ ಆಗಿ ಉಳಿಯುವುದಿಲ್ಲ ಎಂದಾಗ, ಗುಡೇಕೋಟೆಯ ಹತ್ತಿರದ ಅವರ ಹಟ್ಟಿಯಿಂದ ದಾವಣಗೆರೆಯ ಆಸ್ಪತ್ರೆಗೆ ಸಾಗಿಸಿ, ಬಿಲ್ಲು ಕಟ್ಟಿ, ಬದುಕಿಸಿ ತಂದವನು ಸೋಮಶೇಖರ್. ಇದು ನಿಜ. ಅವನು ಕೆಟ್ಟವನಾಗಿದ್ದರೆ ಈ ಕಥೆ ಬೇಗ ಮುಗಿಯುತ್ತಿತ್ತು. ಪತ್ರ ಗಿತ್ರ ಬರೆಸಿಕೊಳ್ಳಿರೆಂದು ಹುಲುಗಣ್ಣನೇ ಹೇಳಿದಾಗ ಸೋಮಶೇಖರ್ ಕಿವಿ ಮುಟ್ಟಿಕೊಂಡ.

"ಶಿವ ಶಿವ! ನಾನೇನು ಬಡ್ಡಿ ವ್ಯವಹಾರದವನಾ? ನಮ್ಮ ನಿಮ್ಮ ನಡುವೆ ಪತ್ರ ಯಾತಕ್ಕೋ ಹುಲುಗಾ? ಮೈಲಾರಲಿಂಗನ ಭಂಡಾರ ಐತಿ, ಅದರಾಗ ಕೈ ಇಡು, ಸಾಕು."

ಸಾವ್ಕಾರನ ಹಣೆಗೆ ವಿಭೂತಿ, ಆಳಿನ ಅಂಗೈಗೆ ಭಂಡಾರ. ಪತ್ರವನ್ನು ಕಾನೂನು ಹಿಡಿಯುತ್ತದೆ. ಅರಿಶಿನದ ಪುಡಿಯನ್ನು ಯಾವ ಕಾನೂನು ಹಿಡಿದೀತು? ಹುಲುಗಣ್ಣ ಅಂಗೈ ತುಂಬ ಭಂಡಾರ ಹಿಡಿದು ಸಾವ್ಕಾರ ಹೇಳಿಕೊಟ್ಟ ಹಾಗೆ ಆಣೆ ಮಾಡಿದ: ಈ ಭಂಡಾರ ಸಾವ್ಕಾರರ ಕೈಯಿಂದ ನನ್ನ ಕೈಗೆ ವಾಪಸ್ ಬರುವ ತನಕ ಕೆಲಸ ಬಿಟ್ಟು ನನ್ನ ಹಟ್ಟಿಯನ್ನಾಗಲಿ ಮನೆಯ ಹೊಸ್ತಿಲನ್ನಾಗಲಿ ತುಳಿಯುವುದಿಲ್ಲ, ತುಳಿದರೆ ಮಗಳು ಶಿವಮ್ಮನ ತಲೆಗೆ ಕೇಡು. ಸೋಮಶೇಖರ್ ಆ ಭಂಡಾರವನ್ನು ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿದ. ಆಸ್ಪತ್ರೆಯ ಬಿಲ್ಲು ಎಂದೋ ತೀರಿರಬೇಕು. ಗಂಟು ಇಳಿಯಲಿಲ್ಲ. ಸಂಬಳ ಸಾವ್ಕಾರರ ಹತ್ತಿರ ಜೋಪಾನ. ಆಧಾರ್ ಕಾರ್ಡು ಜೋಪಾನ. ರೇಷನ್ ಕಾರ್ಡು ಜೋಪಾನ. ಫೋನೂ ಜೋಪಾನ. ಇಷ್ಟು ಜೋಪಾನವಾಗಿ ಬದುಕುವ ಭಾಗ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ!

ಹೀಗಿರುವಾಗ ಶಿವಮ್ಮನ ಮದುವೆ ಗೊತ್ತಾಯಿತು. ಹಟ್ಟಿಯ ಮನೆ ಮುಂದೆಯೇ ಚಪ್ಪರ ಹಾಕಿ ಸೋಮವಾರ ಬೆಳಿಗ್ಗೆ ಅಕ್ಕಿಕಾಳು. ಜಂಬಕ್ಕ ಆಫೀಸಿಗೆ ಫೋನು ಮಾಡಿ ಸುದ್ದಿ ಹೇಳಿದಳು. ಹುಲುಗಣ್ಣ ಹಲ್ಲುಜ್ಜಿ, ತಲೆಗೆ ಎಣ್ಣೆ ಹಚ್ಚಿ, ಸಾವ್ಕಾರನ ಮುಂದೆ ಹೋಗಿ ನಿಂತ.

"ಸಾವ್ಕಾರ್ರ, ಗಂಟು ಕೊಡ್ರಿ. ಮಗಳಿಗೆ ಅಕ್ಕಿಕಾಳು ಹಾಕಿ ಮರುದಿನಾನ ಬಂದು ಮತ್ತ ನಿಮ್ಮ ಕೈಯಾಗ ಇಡ್ತೀನಿ."

"ಸೋಮವಾರ ಎಂಥಾ ಮುಹೂರ್ತ ಐತಿ ಗೊತ್ತೈತೇನೋ? ಐದೂ ಊರಾಗ ಮಂಟಪ ಬುಕ್ ಆಗ್ಯಾವ. ಅವರ ಮಕ್ಕಳೂ ಮಕ್ಕಳೇ ಅಲ್ಲೇನು?"

"ಮಕ್ಕಳೇರಿ."

"ಮತ್ತ? ಸೀಜನ್ ಮುಗೀಲಿ, ನನ್ನ ಕೈಯಾರೆ ಕೊಡ್ತೀನಿ."

ಸೀಜನ್ ಎಂಬುದು ನಮ್ಮ ಕಡೆ ಮುಗಿಯುವ ವಸ್ತುವಲ್ಲ. ಮದುವೆ ನಿಂತರೆ ಗೃಹಪ್ರವೇಶ, ಅದು ನಿಂತರೆ ನಿವೃತ್ತಿ ಸನ್ಮಾನ.

ಅದೇ ವಾರ ಹಗರಿಬೊಮ್ಮನಹಳ್ಳಿಯ ಒಂದು ಮಂಟಪದಲ್ಲಿ ವಿಚಿತ್ರ ಸಮಾರಂಭವಿತ್ತು. ವಧುವಿಲ್ಲ, ವರನಿಲ್ಲ, ಊಟಕ್ಕೆ ಮಾತ್ರ ಹೋಳಿಗೆ. ವೇದಿಕೆಯ ಮೇಲೆ ಬ್ಯಾನರು: ಜೀತ ಪದ್ಧತಿ ನಿರ್ಮೂಲನೆ ಕುರಿತು ಅರಿವು ಕಾರ್ಯಾಗಾರ. ಭಾಷಣಕಾರರೊಬ್ಬರು ಮೇಜು ಕುಟ್ಟಿ, ನಮ್ಮ ಭಾಗದಲ್ಲಿ ಈಗ ಒಬ್ಬನೇ ಒಬ್ಬ ಜೀತದಾಳು ಇಲ್ಲ ಎಂದು ಸಾರಿದರು. ಚಪ್ಪಾಳೆ ಬಿತ್ತು. ಊಟವಾದ ಮೇಲೆ ಅವರೇ ತಮ್ಮ ಎಲೆ ತೋರಿಸಿ "ಇದನ್ನೆತ್ತಪ್ಪಾ" ಎಂದರು. ಹುಲುಗಣ್ಣ ಎತ್ತಿದ.

ಒಬ್ಬಳು ಮಾತ್ರ ತನ್ನ ಎಲೆಯನ್ನು ತಾನೇ ಹಿಂಬಾಗಿಲಿಗೆ ತಂದಳು. ಕಾರ್ಮಿಕ ಇನ್‌ಸ್ಪೆಕ್ಟರ್ ಅರ್ಚನಾ. ಹರಪನಹಳ್ಳಿಯ ಹೆಣ್ಣುಮಗಳು, ಕೆಲಸಕ್ಕೆ ಹೊಸಬಳು, ಹಾಗಾಗಿ ಕೆಲಸ ಮಾಡುವ ದುರಭ್ಯಾಸ ಇನ್ನೂ ಹೋಗಿರಲಿಲ್ಲ.

"ನಿಮ್ಮದು ಊಟ ಆಯ್ತಾ ಅಣ್ಣಾ?"

ಹುಲುಗಣ್ಣ ಹಿಂದೆ ತಿರುಗಿ ನೋಡಿದ. ಹಿಂದೆ ಯಾವ ಅಣ್ಣನೂ ಇರಲಿಲ್ಲ.

"ಆಗ್ತೈತ್ರಿ ಮೇಡಮ್ಮಾರ. ಉಳಿದ್ರ."

"ಯಾವೂರು?"

"ಗುಡೇಕೋಟಿ ಕಡೀಗೆ. ಸೋಮವಾರ ಮಗಳ ಮದುವಿ ಐತ್ರಿ."

"ಮತ್ತೆ ಊರಿಗೆ ಹೋಗಲ್ವಾ?"

"ಸಾವ್ಕಾರ್ರು ಬಿಡವಲ್ರು."

"ಸಂಬಳ ಕೊಟ್ಟಾರಾ?"

"ಅವರ ಹತ್ರ ಜ್ವಾಪಾನ ಐತ್ರಿ."

"ಆಧಾರ್ ಕಾರ್ಡು?"

"ಅದೂ ಜ್ವಾಪಾನ."

ಅರ್ಚನಾಳ ಕೈಯಲ್ಲಿ ಎಲೆ ಹಾಗೇ ಉಳಿಯಿತು. ಗಂಟಿನ ಮಾತನ್ನು ಅವನು ಹೇಳಲಿಲ್ಲ. ಆಣೆ ಎಂಬುದು ಕಂಡಕಂಡವರ ಮುಂದೆ ಬಿಚ್ಚುವ ವಸ್ತುವಲ್ಲ. ಅವಳು ಕೇಳಲಿಲ್ಲ. ಅವಳ ತರಬೇತಿಯಲ್ಲಿ ಕೊಟ್ಟಿದ್ದ ಪ್ರಶ್ನೆಗಳಲ್ಲಿ ಮುಂಗಡ ಇತ್ತು, ಬೀಗ ಇತ್ತು, ಹೊಡೆತ ಇತ್ತು. ಅರಿಶಿನ ಇರಲಿಲ್ಲ.

ಗುರುವಾರ ದಾಳಿ ನಡೆಯಿತು. ಆ ಮಹಾಯುದ್ಧವನ್ನು ಏನೆಂದು ಬಣ್ಣಿಸಲಿ! ಜೀಪಿನ ಹಿಂದೆ ಜೀಪು, ಧೂಳಿನ ಹಿಂದೆ ಧೂಳು. ಮುಂಚೂಣಿಯಲ್ಲಿ ಅರ್ಚನಾ, ಹಿಂದೆ ಅವಳ ಮೇಲಿನ ದೊಡ್ಡ ಸಾಹೇಬರು, ಅವರ ಹಿಂದೆ ಪೊಲೀಸರು. ಎದುರಾಳಿ ಸೋಮಶೇಖರ್ ಶಸ್ತ್ರ ಹಿಡಿಯದೆ ಎಲ್ಲರಿಗೂ ಬಾದಾಮಿ ಹಾಲು ತರಿಸಿದ. ಅರ್ಚನಾ ಕುಡಿಯಲಿಲ್ಲ. ಆಫೀಸಿನ ಬೀರು ತೆಗೆಸಿದಳು. ಜೋಪಾನವಾಗಿದ್ದ ಕಾರ್ಡುಗಳೆಲ್ಲ ಹೊರಬಿದ್ದವು. ಆಳುಗಳನ್ನು ಜೀಪಿನ ಹತ್ತಿರ ಸಾಲಾಗಿ ನಿಲ್ಲಿಸಿದರು. ಕೇಳಿದ್ದಕ್ಕೆ ಹುಲುಗಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಸಂಬಳ ಕೈಗೆ ಬಂದಿಲ್ಲ, ಊರಿಗೆ ಬಿಟ್ಟಿಲ್ಲ.

ಒಳಗೆ ಅರ್ಚನಾ ಮೊಳೆಗಳ ಸಾಲನ್ನು ನೋಡಿ ಕೇಳಿದಳು, "ಇವೇನು?"

"ದೇವರವು ಮೇಡಂ. ಭಂಡಾರದ ಗಂಟು," ಎಂದ ಸೋಮಶೇಖರ್. ಇಂಥ ಸತ್ಯವಂತ ಸಿಗುವುದು ಅಪರೂಪ.

ದೊಡ್ಡ ಸಾಹೇಬರು ಗಾಬರಿಯಾಗಿ ಬೂಟು ಕಳಚಿದರು. ಗಂಟುಗಳಿಗೆ ಕೈಮುಗಿದು, ಒಂದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ದೇವರ ಸಾಮಾನಿಗೆ ಯಾರೂ ಕೈ ಹಚ್ಚಬೇಡಿ" ಎಂದು ಆಜ್ಞೆಯಾಯಿತು. ಒಂದು ಕ್ಷಣ ತಡೆದು ಅರ್ಚನಾ ಕೂಡ ಕೈಮುಗಿದಳು. ಇಡೀ ಸರ್ಕಾರವೇ ಬರಿಗಾಲಲ್ಲಿ ನಿಂತು ಹುಲುಗಣ್ಣನ ಸಂಕೋಲೆಗೆ ನಮಸ್ಕಾರ ಮಾಡಿತು.

ಹೊರಗೆ ಹುಲುಗಣ್ಣ ಕಾಯುತ್ತಿದ್ದ. ಕಾರ್ಡುಗಳು ಬಂದವು, ಲೆಕ್ಕದ ಪುಸ್ತಕಗಳು ಬಂದವು, ಫೋನುಗಳು ಬಂದವು. ಇನ್ನೇನು ಗಂಟುಗಳೂ ಬರುತ್ತವೆ ಎಂದು ಅವನು ಎರಡೂ ಅಂಗೈ ಅಂಗಿಗೆ ಒರೆಸಿಕೊಂಡ. ಆಮೇಲೆ ಸಾಹೇಬರು ಬಂದರು, ಬೂಟು ಹಾಕಿಕೊಂಡರು. ಬಾಗಿಲು ಮುಚ್ಚಿತು. ಬೀಗ ಬಿತ್ತು. ಬೀಗದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಅರಗು, ಅರಗಿನ ಮೇಲೆ ಸರ್ಕಾರದ ಮುದ್ರೆ.

"ಸಾಹೇಬ್ರ, ಗಂಟು..."

"ಈ ಕಡೆ ನೋಡಪ್ಪಾ," ಎಂದ ಫೋಟೊದವನು. "ಸ್ವಲ್ಪ ನಗು. ನಿನಗೆ ಬಿಡುಗಡೆ ಆಗೈತಿ."

ಉಳಿದವರು ಹೋದ ರೀತಿ ನೋಡಬೇಕಿತ್ತು. ಆಂಜಿನೇಯಲು ಆಣೆ ಮಾಡಿದ್ದು ತನ್ನ ಅತ್ತೆಯ ತಲೆಯ ಮೇಲೆ. ಅವನು ಹಿಂದೆ ಮುಂದೆ ನೋಡದೆ ಬಿಲ್ಲಿನಿಂದ ಬಿಟ್ಟ ಬಾಣದಂತೆ ಹೊರಟ. ಇನ್ನು ಕೆಲವರದು ತಮ್ಮ ತಮ್ಮ ತಲೆ. ಆ ತಲೆಗಳಿಗೆ ಇನ್ನೇನು ಕೇಡಾಗುವುದು ಬಾಕಿ ಇದೆ ಎಂದು ಅವರೂ ಹೊರಟರು. ಮಗಳ ತಲೆ ಒತ್ತೆಯಿಟ್ಟವನು ಒಬ್ಬನೇ.

"ಬಾರಲೇ ಹುಲುಗಾ! ಸರ್ಕಾರನ ಬಿಟ್ಟೈತಿ," ಆಂಜಿನೇಯಲು ದಾರಿಯಿಂದ ಕೂಗಿದ.

"ಸರ್ಕಾರದ ಮ್ಯಾಲೆ ನಾ ಆಣೆ ಮಾಡಿಲ್ಲಲೇ."

ಹುಲುಗಣ್ಣ ಮುದ್ರೆ ಬಿದ್ದ ಬಾಗಿಲ ಮುಂದೆ ಕೂತ. ವಾಪಸ್ ಸಿಕ್ಕ ಫೋನಿನಿಂದ ಜಂಬಕ್ಕನಿಗೆ ಫೋನು ಹಚ್ಚಿದ. ಅವಳಿಗೆ ಸುದ್ದಿ ಮುಟ್ಟಿತ್ತು.

"ಇನ್ನೂ ಅಲ್ಲೇ ಅದಿಯೇನು? ಬಸ್ ಹತ್ತಬಾರದಾ? ಚಪ್ಪರದ ಗಳಾ ತರೋರು ಯಾರು, ನಿಮ್ಮಪ್ಪನಾ?"

"ಜಂಬೀ, ಒಂದು ಮಾತು ಹೇಳಿಲ್ಲ ನಿನಗ." ಅವನು ಹೇಳಿದ. ಆಸ್ಪತ್ರೆಯ ದಿನ, ಭಂಡಾರ, ಮೊಳೆ, ಶಿವಮ್ಮನ ತಲೆ.

ಆ ಕಡೆ ಆಡು ಕೂಗುವುದು ಕೇಳುತ್ತಿತ್ತು.

"ಗಂಟು ಎಲ್ಲೈತಿ?"

"ಒಳಗ. ಸರ್ಕಾರ ಸೀಲ್ ಮಾಡೈತಿ."

"ಹಂಗಾದ್ರ ಬರಬ್ಯಾಡ." ಜಂಬಕ್ಕನ ಧ್ವನಿ ಬೇರೆಯಾಗಿತ್ತು. "ಗಂಟಿಲ್ಲದಂಗ ಹೊಸ್ತಿಲ ತುಳಿಬ್ಯಾಡ ನೀನು. ನನ್ನ ಮಗಳು ಬದುಕಬೇಕು."

ಮರುದಿನ ಅವನು ಕೊಟ್ಟೂರಿಗೆ ನಡೆದ. ಸೋಮಶೇಖರ್ ಆಗಲೇ ಜಾಮೀನಿನ ಮೇಲೆ ಮನೆಯ ಕಟ್ಟೆಯಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ. ಹುಲುಗಣ್ಣನನ್ನು ಕಂಡು ಬೈಯಲಿಲ್ಲ. ತಟ್ಟೆಯನ್ನೇ ಮುಂದೆ ಸರಿಸಿದ.

"ತಿನ್ನೋ. ನನ್ನ ಮ್ಯಾಲೆ ಹೇಳಿಕಿ ಕೊಟ್ಟು ಹಸಿದಿರಬೇಕು."

"ಗಂಟು ಕೊಡ್ರಿ ಸಾವ್ಕಾರ್ರ. ಕಾಲಿಗೆ ಬೀಳ್ತೀನಿ."

"ನಾ ಒಲ್ಲೆ ಅಂದ್ನಾ? ಮೈಲಾರಲಿಂಗನ ಆಣೆಗೂ ಕೊಡ್ತೀನಿ. ಆದ್ರ ಬೀಗ ಯಾರದು? ನನ್ನ ಕೈಯಿಂದ ನಿನ್ನ ಕೈಗೆ ಬರಬೇಕು ಅಂತಲ್ಲ ಮಾತು? ನನ್ನ ಕೈ ಒಳಗ ಹೋಗಂಗಿಲ್ಲ ಈಗ." ಅವನು ಮಂಡಕ್ಕಿಯಲ್ಲಿ ಶೇಂಗಾ ಹುಡುಕಿ ಬಾಯಿಗೆ ಹಾಕಿಕೊಂಡ. "ಒಂದು ದಾರಿ ಐತಿ. ಆ ಮೇಡಂ ಹತ್ರ ಹೋಗಿ, ನಾ ಸುಳ್ಳು ಹೇಳಿದೆ, ಖುಷಿಯಿಂದ ಇದ್ದೆ ಅಂತ ಬರೆದುಕೊಡು. ಕೇಸ್ ಹೋತು, ಸೀಲ್ ಹೋತು. ಬಾಗಿಲು ತೆಗೆದ ಕೂಡಲೇ ಮೊದಲು ನಿನ್ನ ಗಂಟು."

ಶನಿವಾರ ಅರ್ಚನಾಳ ಬಾಡಿಗೆ ಮನೆಯ ಮುಂದೆ ಹುಲುಗಣ್ಣ ನಿಂತಿದ್ದ. ಎಲ್ಲವನ್ನೂ ಕೇಳಿ ಅವಳು ಹಣೆ ಹಿಡಿದುಕೊಂಡಳು. ತಾನು ಕೈಮುಗಿದದ್ದು ಯಾವುದಕ್ಕೆ ಎಂದು ಆಗ ತಿಳಿಯಿತು. ಕೂಡಲೇ ದೊಡ್ಡ ಸಾಹೇಬರಿಗೆ ಫೋನು ಮಾಡಿದಳು. ಒಂದು ಬಟ್ಟೆಯ ಗಂಟು ತೆಗೆಯಲು ಬಾಗಿಲು ತೆರೆಸಬೇಕು ಸರ್ ಎಂದಳು. ಅವರು ನಕ್ಕದ್ದು ಹೊರಗಿನವರೆಗೂ ಕೇಳಿಸಿತು. ಹಿಡಿ ಅರಿಶಿನಕ್ಕೆ ಸರ್ಕಾರಿ ಸೀಲ್ ಒಡೆದರೆ ಕೋರ್ಟಿನಲ್ಲಿ ನಾನೇನು ಹೇಳಲಿ ಎಂದು ಕೇಳಿದರು. ಅವಳು ಫೋನಿಟ್ಟು ಹೊರಗೆ ಬಂದಳು.

"ಅಣ್ಣಾ, ಇದೆಲ್ಲಾ ಮೂಢನಂಬಿಕೆ. ಹೆದರಿಸಿ ದುಡಿಸೋಕೆ ಮಾಡಿದ್ದು. ನಿಮ್ಮ ಮಗಳಿಗೆ ಏನೂ ಆಗಲ್ಲ. ಈಗಲೇ ಬಸ್ ಹತ್ತಿಸ್ತೀನಿ, ನಡೀರಿ."

"ಖರೇನ ಏನೂ ಆಗಂಗಿಲ್ಲೇನ್ರಿ?"

"ಖಂಡಿತ ಆಗಲ್ಲ."

ಮೆಟ್ಟಿಲ ಮೇಲೆ ಅವಳ ಪುಟ್ಟ ಮಗಳು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಹುಲುಗಣ್ಣ ಆ ಕಡೆ ನೋಡಿ, ತುಂಬ ವಿನಯದಿಂದ ಕೇಳಿದ. ಅವನ ಮಾತಿನಲ್ಲಿ ಸವಾಲಿರಲಿಲ್ಲ. ನಿಜಕ್ಕೂ ಧೈರ್ಯ ಬೇಕಾಗಿತ್ತು ಅವನಿಗೆ.

"ಹಂಗಾದ್ರ ಆ ಕೂಸಿನ ತಲಿ ಮ್ಯಾಲೆ ಕೈ ಇಟ್ಟು ಒಂದು ಸಲ ಅಂದುಬಿಡ್ರಿ ಮೇಡಮ್ಮಾರ. ನಿಮ್ಮ ಮಾತು ಹಿಡ್ಕೊಂಡು ಹೋಗಿಬಿಡ್ತೀನಿ."

ಅರ್ಚನಾ ಮಗಳ ಹತ್ತಿರ ಹೋದಳು. ಬಗ್ಗಿದಳು. ಎಂ.ಎ. ಓದಿದ ಕೈ, ಕಾನೂನಿನ ಪರೀಕ್ಷೆ ಪಾಸಾದ ಕೈ, ಬೀರು ತೆಗೆಸಿದ ಕೈ. ಅದು ಕೂಸಿನ ತಲೆಯ ಹತ್ತಿರದವರೆಗೂ ಹೋಯಿತು. ಅಲ್ಲಿಂದ, ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಸರಿಸಿ, ಹಿಂದಕ್ಕೆ ಬಂತು.

"ಬಿಡ್ರಿ ಮೇಡಮ್ಮಾರ," ಎಂದ ಹುಲುಗಣ್ಣ. ಅವನೇ ಸಮಾಧಾನ ಹೇಳಿದ. "ನಿಮಗೂ ಒಬ್ಬ ಮಗಳು ಅದಾಳ."

ಅಂದೇ ಅವನು ಹೇಳಿಕೆ ಬದಲಿಸಿದ. ಅರ್ಚನಾ ಬರೆದುಕೊಳ್ಳಲು ಒಲ್ಲೆನೆಂದಳು, ಬೇಡಿಕೊಂಡಳು, ಕೊನೆಗೆ ಬರೆದುಕೊಂಡಳು. ನಾನು ಯಾರ ಜೀತದಾಳೂ ಅಲ್ಲ, ಸ್ವಂತ ಖುಷಿಯಿಂದ ಇದ್ದೆ ಎಂಬುದರ ಕೆಳಗೆ ಹುಲುಗಣ್ಣ ಹೆಬ್ಬೆಟ್ಟು ಒತ್ತಿದ. ಹೀಗೆ ನಮ್ಮ ಭಾಗದಲ್ಲಿ ಒಬ್ಬನೇ ಒಬ್ಬ ಜೀತದಾಳು ಇಲ್ಲ ಎಂಬ ಭಾಷಣಕಾರರ ಮಾತು ಅಧಿಕೃತವಾಗಿ ನಿಜವಾಯಿತು.

ಮುಚ್ಚುವುದರಲ್ಲಿ ಸರ್ಕಾರ ಗಾಳಿಯಷ್ಟು ಚುರುಕು, ತೆರೆಯುವುದರಲ್ಲಿ ಬೆಟ್ಟದಷ್ಟು ಗಂಭೀರ. ಆ ಹೇಳಿಕೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಬೇಕು, ನಡುವೆ ಭಾನುವಾರ ಬೇರೆ. ಹುಲುಗಣ್ಣ ಮತ್ತೆ ಸೋಮಶೇಖರನ ಕಟ್ಟೆಗೆ ಬಂದ.

"ಶಾಣ್ಯಾ ಅದಿ," ಎಂದು ಸೋಮಶೇಖರ್ ಬೆನ್ನು ತಟ್ಟಿದ. "ಸೀಲ್ ತೆಗೆದ ದಿನ ನಿನ್ನ ಗಂಟು ನಿನ್ನ ಕೈಗೆ. ಅಲ್ಲಿ ಮಟ ಖಾಲಿ ಕುಂತು ಏನ್ಮಾಡ್ತಿ? ಕೆಲಸ ಬಿಡಂಗಿಲ್ಲ ಅಂತ ಆಣೆ ಐತಲ್ಲ. ಉಳಿದೋರೆಲ್ಲಾ ಓಡಿಹೋಗ್ಯಾರ. ಸೋಮವಾರ ಹರಪನಹಳ್ಳಿ ಮಂಟಪ ನೀನ ನೋಡ್ಕೋ."

ಸೋಮವಾರ ಬೆಳಿಗ್ಗೆ, ಆ ದೊಡ್ಡ ಮುಹೂರ್ತದಲ್ಲಿ, ಸೇನೆಯಿಲ್ಲದ ಸೇನಾಧಿಪತಿ ಹರಪನಹಳ್ಳಿಯ ಮಂಟಪದ ಹಿಂಬಾಗಿಲಲ್ಲಿ ಒಬ್ಬನೇ ನಿಂತಿದ್ದ. ಗೊಬ್ಬರದ ಚೀಲದ ಕವಚ ತೊಟ್ಟಿದ್ದ. ತಲೆಯ ಟವೆಲ್ ಮಾತ್ರ ಅಂದು ಒಗೆದದ್ದು.

ಮೊದಲ ಪಂಕ್ತಿ ಏಳುವ ಹೊತ್ತಿಗೆ ಚೀಲದೊಳಗಿನ ಫೋನು ಕುಣಿಯಿತು. ಜಂಬಕ್ಕ.

"ಮುಹೂರ್ತ ಬಂತು. ಫೋನು ಚಪ್ಪರದ ಕಡೀಗೆ ಹಿಡಿತೀನಿ. ಕೇಳು. ಮಾತಾಡಬ್ಯಾಡ."

ಅವನು ಫೋನನ್ನು ಕಿವಿಗೆ ಒತ್ತಿದ. ಗುಡೇಕೋಟೆಯ ಹಟ್ಟಿಯ ಗಾಳಿ, ಹೆಂಗಸರ ಗದ್ದಲ, ಯಾರೋ ಶಿವೀ ತಲೆ ಎತ್ತು ಎಂದದ್ದು. ಅಷ್ಟರಲ್ಲಿ ಇಲ್ಲಿ ಮಂಟಪದ ವಾಲಗದವರು ಗಟ್ಟಿಮೇಳ ಎತ್ತಿದರು. ದೊಡ್ಡವರ ಮದುವೆ, ದೊಡ್ಡ ಡೋಲು. ಹುಲುಗಣ್ಣ ಇನ್ನೊಂದು ಕಿವಿಗೆ ಎಂಜಲು ಕೈ ಮುಚ್ಚಿಕೊಂಡ. ಹಾಲಿನ ಮೂಲೆಗೆ ಓಡಿದ, ಗೋಡೆಗೆ ಮುಖ ಇಟ್ಟ. ಕಿವಿಯೊಳಗಿನದೂ ವಾಲಗ, ಕಿವಿಯ ಹೊರಗಿನದೂ ವಾಲಗ. ಯಾವುದು ಯಾರದೆಂದು ಗೊತ್ತಾಗಲಿಲ್ಲ. ತಾಳಿ ಬಿತ್ತೋ, ಬಿದ್ದಾಯಿತೋ, ಇನ್ನೂ ಬೀಳಬೇಕೋ.

ಅಕ್ಕಿಕಾಳಿನ ತಟ್ಟೆ ಹಿಡಿದ ಹೆಂಗಸೊಬ್ಬಳು ಎಲ್ಲರಿಗೂ ಹಂಚುತ್ತ ಆ ಮೂಲೆಗೂ ಬಂದಳು. ಗೋಡೆಗೆ ಮುಖ ಹಾಕಿದವನ ಮುಂದೆಯೂ, ನೋಡದೆ, ತಟ್ಟೆ ಹಿಡಿದಳು. ಹುಲುಗಣ್ಣ ಕೈ ಒರೆಸಿಕೊಂಡು ಒಂದು ಹಿಡಿ ತೆಗೆದುಕೊಂಡ. ವಧೂವರರ ಕಡೆ ತಿರುಗಲಿಲ್ಲ. ಗುಡೇಕೋಟೆ ಯಾವ ದಿಕ್ಕಿಗೆ ಎಂದು ಸ್ವಲ್ಪ ಯೋಚಿಸಿ, ಅಂದಾಜಿನ ಮೇಲೆ ಆ ಕಡೆಗೆ ಎರಚಿದ. ಅಕ್ಕಿ ಸುಣ್ಣದ ಗೋಡೆಗೆ ತಾಗಿ ನೆಲಕ್ಕೆ ಉದುರಿತು.

ಫೋನು ಕಟ್ ಆಗಿತ್ತು.

"ಏನಪ್ಪಾ, ನಿಂತುಬಿಟ್ಟಿ? ಎರಡನೇ ಪಂಕ್ತಿ ಕುಂದ್ರಬೇಕು, ಎಲಿ ಎತ್ತು," ಎಂದು ಅಡುಗೆಯವನು ಕೂಗಿದ.

ಹುಲುಗಣ್ಣ ಎಲೆ ಎತ್ತಿದ. ಎಲ್ಲ ಮುಗಿದು ಜನ ಹೋದ ಮೇಲೆ, ಸಲಿಕೆ ಬದಿಗಿಟ್ಟು, ಪೊರಕೆ ಹಿಡಿದು, ವೇದಿಕೆಯ ಅಕ್ಕಿಕಾಳನ್ನು ಗುಡಿಸಿದ. ಆಮೇಲೆ ಮೂಲೆಯ ಗೋಡೆಯ ಬುಡದ್ದನ್ನು ಗುಡಿಸಿದ. ಎರಡನ್ನೂ ಒಂದೇ ಬುಟ್ಟಿಗೆ ತುಂಬಿ, ಹಿಂದಿನ ಹೊಂಗೆಯ ಗಿಡದ ಬುಡಕ್ಕೆ ಸುರಿದು ಬಂದು, ಲೋಟಗಳನ್ನು ಆರಿಸತೊಡಗಿದ.